ಬರಿಗಾಲಿನ ದಂಡಿನ ಕಥೆಯನ್ನು ಮಕ್ಕಳಿಗೆ ಹೇಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಹೇಳಿಕೊಡುವಾಗ "ಇದು ನಮ್ಮ ಚರಿತ್ರೆಯಲ್ಲವಲ್ಲ, ಯಾವ ಅಭಿಮಾನದಿಂದ ಹೇಳಿಕೊಡಲಿ?" ಎಂದು ಗುಂಪಿನ ಸಹೋದರಿಯೊಬ್ಬರು ಕೇಳಿದ್ದರು. ನ್ಯೂಜೆರ್ಸಿಗೆ ಬಂದು 14 ವರ್ಷವಾಗಿರುವ ನನಗೂ ಈ ಪ್ರಶ್ನೆ ಬಹಳ ದಿನ ಕಾಡಿತ್ತು. ಅದಕ್ಕೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಮೋರಿಸ್‌ಟೌನ್ ಪಕ್ಕದ ಜಾಕಿ ಹಾಲೋ ಎಂಬ ಕಾಡಿನಲ್ಲಿ.

ಬ್ರಿಟಿಷರೊಡನೆ ಹೋರಾಡುತ್ತಿದ್ದ ವಾಷಿಂಗ್ಟನ್ನರ ದಂಡು 1779–80ರ ಚಳಿಗಾಲವನ್ನು ಕಳೆದ ಸ್ಥಳ ಇದು. ಸಿಪಾಯಿಗಳು ಮರ ಕಡಿದು ತಾವೇ ಕಟ್ಟಿಕೊಂಡ ಸಾವಿರಕ್ಕೂ ಹೆಚ್ಚು ಗುಡಿಸಲುಗಳಲ್ಲಿ ಈಗ ಒಂದೂ ಉಳಿದಿಲ್ಲ. ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದ ಕೆಲವನ್ನು ಗುಡ್ಡದ ಇಳಿಜಾರಿನಲ್ಲಿ ನೋಡಬಹುದು. ಸುಮಾರು 14 ಅಡಿ ಅಗಲ, 16 ಅಡಿ ಉದ್ದ, ಒಂದು ಒಲೆ, ಗೋಡೆಗೆ ಒತ್ತಿ ಒಂದರ ಮೇಲೊಂದು ಹಲಗೆಯ ಮಂಚಗಳು, ಒಳಗೆ 12 ಜನ. ನನ್ನ ಮಗ ಕೆಳಗಿನ ಮಂಚದ ಮೇಲೆ ಮಲಗಿ, ಕಾಲು ಚಾಚಿ, "ಅಪ್ಪ, ಇಲ್ಲಿ ಹೊರಳುವುದಕ್ಕೂ ಜಾಗವಿಲ್ಲ" ಎಂದ. ಅಲ್ಲಿಯವರೆಗೆ ಅವನಿಗೆ ಈ ಯುದ್ಧವೆಂದರೆ ದೋಣಿಯಲ್ಲಿ ನಿಂತ ಜನರಲ್ ಒಬ್ಬರ ಚಿತ್ರವಷ್ಟೇ ಆಗಿತ್ತು.

ಆ ಚಳಿಗಾಲದಲ್ಲಿ 28 ಸಲ ಹಿಮ ಬಿತ್ತು, ನ್ಯೂಯಾರ್ಕ್ ಬಂದರು ಹೆಪ್ಪುಗಟ್ಟಿತು. ಕನೆಕ್ಟಿಕಟ್ ತುಕಡಿಯಲ್ಲಿದ್ದ ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬ ಸಾಮಾನ್ಯ ಸಿಪಾಯಿ, ನಾಲ್ಕು ಹಗಲು ನಾಲ್ಕು ರಾತ್ರಿ ಒಂದು ಸೌದೆಯಿಂದ ಕಚ್ಚಿ ತೆಗೆದ ತೊಗಟೆಯ ಹೊರತು ಬಾಯಿಗೆ ಏನೂ ಹಾಕಲಿಲ್ಲವೆಂದೂ, ಜೊತೆಗಾರರು ಹಳೆಯ ಬೂಟುಗಳನ್ನು ಸುಟ್ಟು ತಿಂದದ್ದನ್ನು ಕಂಡೆನೆಂದೂ ಬರೆದಿಟ್ಟಿದ್ದಾನೆ. ಸೇರಿದಾಗ ಅವನ ವಯಸ್ಸು 15. ಆ ಚಳಿಗಾಲಕ್ಕೂ ಎರಡು ವರ್ಷ ಮೊದಲು ಪೆನ್ಸಿಲ್ವೇನಿಯಾದ ವ್ಯಾಲಿ ಫೋರ್ಜ್ ಶಿಬಿರದಿಂದ ವಾಷಿಂಗ್ಟನ್ ಕಾಂಗ್ರೆಸ್ಸಿಗೆ (ಅಲ್ಲಿನ ರಾಜ್ಯಗಳ ಪ್ರತಿನಿಧಿಗಳ ಸಭೆಗೆ) ಬರೆದ ಪತ್ರದಲ್ಲಿ, ಕಾಲಿಗೆ ಜೋಡು, ಮೈಗೆ ಬಟ್ಟೆ ಇಲ್ಲದ ಕಾರಣಕ್ಕೇ ಕರ್ತವ್ಯಕ್ಕೆ ಬಾರದವರ ಸಂಖ್ಯೆಯನ್ನು 2,898 ಎಂದು ಎಣಿಸಿ ಕೊಟ್ಟಿದ್ದರು. ಅಲ್ಲಿ ಆರು ತಿಂಗಳಲ್ಲಿ ಸತ್ತ ಸುಮಾರು 2,000 ಜನರಲ್ಲಿ ಬಹುತೇಕ ಎಲ್ಲರೂ ಸತ್ತದ್ದು ಜ್ವರ, ಭೇದಿಗಳಿಂದ; ಅಲ್ಲಿ ಕಾಳಗವೇ ನಡೆಯಲಿಲ್ಲ.

ದೇಶದಲ್ಲಿ ಬರಗಾಲವೇನೂ ಇರಲಿಲ್ಲವೆಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಸುತ್ತಲಿನ ರೈತರ ಕಣಜಗಳಲ್ಲಿ ಧಾನ್ಯವಿತ್ತು. ಆದರೆ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಅದು ರಾಜ್ಯಗಳ ಮುಂದೆ ಕೈಯೊಡ್ಡಬೇಕಿತ್ತು, ಇಲ್ಲವೇ ನೋಟು ಅಚ್ಚು ಹಾಕಬೇಕಿತ್ತು. 1780ರ ಮಾರ್ಚ್ ಹೊತ್ತಿಗೆ ಅಂಥ 40 ಕಾಗದದ ಡಾಲರಿಗೆ ಒಂದು ಬೆಳ್ಳಿಯ ಡಾಲರ್ ಎಂದು ಕಾಂಗ್ರೆಸ್ಸೇ ಒಪ್ಪಿಕೊಂಡಿತು. ಆ ಕಾಗದಕ್ಕೆ ಯಾವ ರೈತ ಗೋಧಿ ಕೊಟ್ಟಾನು?

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು, ಇದೇ ಜಾಕಿ ಹಾಲೋದಲ್ಲಿ 1781ರ ಜನವರಿ 1ರ ರಾತ್ರಿ ಪೆನ್ಸಿಲ್ವೇನಿಯಾದ ತುಕಡಿಗಳು ಎದ್ದ ದಂಗೆ. 20 ಡಾಲರ್ ಮುಂಗಡ ಪಡೆದು "ಮೂರು ವರ್ಷ ಅಥವಾ ಯುದ್ಧ ಮುಗಿಯುವವರೆಗೆ" ಎಂಬ ಒಪ್ಪಂದಕ್ಕೆ ಒಪ್ಪಿ ಸೇರಿದ್ದ ಅವರು, ಮೂರು ವರ್ಷ ತುಂಬಿತು, ಬಿಡಿ ಎಂದರು. ಅಧಿಕಾರಿಗಳು, ಯುದ್ಧ ಮುಗಿದಿಲ್ಲ, ಇರಿ ಎಂದರು. ತಿಂಗಳುಗಟ್ಟಲೆ ಸಂಬಳ ಬಾಕಿ. ಸಾವಿರಕ್ಕೂ ಹೆಚ್ಚು ಜನ ತೋಪುಗಳನ್ನು ಎಳೆದುಕೊಂಡು, ತಮ್ಮೊಳಗಿನ ಸಾರ್ಜೆಂಟರನ್ನೇ ಮುಖಂಡರನ್ನಾಗಿ ಆರಿಸಿಕೊಂಡು, ಫಿಲಡೆಲ್ಫಿಯಾದ ಕಡೆ ನಡೆದು ಪ್ರಿನ್ಸ್‌ಟನ್‌ನಲ್ಲಿ ನಿಂತರು. ಸುದ್ದಿ ತಿಳಿದ ಬ್ರಿಟಿಷ್ ಸೇನಾಧಿಪತಿ ಕ್ಲಿಂಟನ್, ನಮ್ಮ ಕಡೆ ಬಂದರೆ ಕ್ಷಮೆಯೂ ಸಿಗುತ್ತದೆ, ಬಾಕಿ ಸಂಬಳವೂ ಸಿಗುತ್ತದೆ ಎಂದು ಇಬ್ಬರು ಗೂಢಚಾರರ ಕೈಯಲ್ಲಿ ಹೇಳಿ ಕಳಿಸಿದ. ಹಸಿದು, ಹರಕು ಬಟ್ಟೆಯಲ್ಲಿ, ತಮ್ಮದೇ ಸರ್ಕಾರದ ಮೇಲೆ ಕೋವಿ ಹಿಡಿದು ಹೊರಟಿದ್ದ ಆ ಜನ ಆ ಇಬ್ಬರನ್ನೂ ಹಿಡಿದುಕೊಟ್ಟರು, ಇಬ್ಬರಿಗೂ ಗಲ್ಲಾಯಿತು. ಹಿಡಿದುಕೊಟ್ಟದ್ದಕ್ಕೆ ಬಹುಮಾನ ಕೊಡಹೋದರೆ ಅದನ್ನು ಮುಟ್ಟಲಿಲ್ಲ. ಕೊನೆಗೆ ಮಾತುಕತೆಯಾಗಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬಿಡುಗಡೆ ಸಿಕ್ಕಿತು. ಅದೇ ತಿಂಗಳು ನ್ಯೂಜೆರ್ಸಿಯ ತುಕಡಿ ಎದ್ದಾಗ ಮಾತ್ರ ವಾಷಿಂಗ್ಟನ್ ಮಾತುಕತೆಗೆ ಒಪ್ಪದೆ ಇಬ್ಬರು ಮುಂದಾಳುಗಳನ್ನು ಅವರ ಜೊತೆಗಾರರ ಕೈಯಿಂದಲೇ ಗುಂಡಿಕ್ಕಿಸಿದರು. ಇದನ್ನೂ ಮುಚ್ಚಿಡದೆ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಆ ದಂಡಿನಲ್ಲಿ ಸಾವಿರಾರು ಕಪ್ಪು ಸಿಪಾಯಿಗಳಿದ್ದರೆಂಬುದನ್ನೂ, ಅದಕ್ಕಿಂತ ಹೆಚ್ಚು ಗುಲಾಮರು ಬಿಡುಗಡೆಯ ಆಸೆಯಿಂದ ಬ್ರಿಟಿಷರ ಕಡೆ ಓಡಿದರೆಂಬುದನ್ನೂ ಸೇರಿಸಿ ಹೇಳಬೇಕು. ನಮ್ಮ ಮಕ್ಕಳು ಇದನ್ನು ತಾಳಿಕೊಳ್ಳಬಲ್ಲರು.

ವ್ಯಾಲಿ ಫೋರ್ಜ್‌ಗೆ 1778ರ ಫೆಬ್ರವರಿಯಲ್ಲಿ ಬಂದ ಪ್ರಷ್ಯದ (ಜರ್ಮನ್ ನಾಡಿನ) ಸೇನಾಧಿಕಾರಿ ಫಾನ್ ಸ್ಟೂಬೆನ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರ ಆಜ್ಞೆಗಳನ್ನು ಪಕ್ಕದವರು ಅನುವಾದಿಸಿ ಹೇಳಬೇಕಾಗಿತ್ತು. ಆದರೂ ಕೆಲವೇ ವಾರಗಳಲ್ಲಿ ಆ ಗುಂಪನ್ನು ಸಾಲುಗಟ್ಟಿ ಹೋರಾಡಬಲ್ಲ ದಂಡನ್ನಾಗಿ ಮಾಡಿದರು. ಯೂರೋಪಿನಲ್ಲಿ ಸಿಪಾಯಿಗೆ ಹೀಗೆ ಮಾಡು ಎಂದರೆ ಮಾಡುತ್ತಾನೆ, ಇಲ್ಲಿ ಏಕೆ ಮಾಡಬೇಕೆಂದು ಹೇಳಿದ ಮೇಲೆಯೇ ಮಾಡುತ್ತಾನೆ ಎಂಬರ್ಥದ ಮಾತನ್ನು ಅವರು ಬರೆದಿದ್ದಾರೆ. "ದೊಡ್ಡವರು ಹೇಳಿದಷ್ಟು ಮಾಡು" ಎಂದು ಕೇಳಿ ಬೆಳೆದ ನಾನು ಇದನ್ನು ಓದಿದಾಗ, ಹೋಮ್‌ವರ್ಕ್ ಮೇಜಿನ ಎದುರು ಮಗ ದಿನವೂ ಕೇಳುವ "ಏಕೆ" ನೆನಪಾಯಿತು. ಅಂದಿನಿಂದ ಆ ಪ್ರಶ್ನೆಯನ್ನು ಎದುರುತ್ತರವೆಂದು ತಿಳಿಯುವುದನ್ನು ಬಿಟ್ಟಿದ್ದೇನೆ.

ಇನ್ನು "ನಮ್ಮ ಚರಿತ್ರೆಯಲ್ಲ" ಎಂಬ ಮಾತು. ನಾನು ಕೋಲಾರದ ಕಡೆಯವನು. ಹೈದರಾಲಿ ಹುಟ್ಟಿದ ಬೂದಿಕೋಟೆ ನಮ್ಮೂರಿನಿಂದ ದೂರವಿಲ್ಲ. ಇಲ್ಲಿ ಈ ದಂಡು ಬ್ರಿಟಿಷರೊಡನೆ ಹೋರಾಡುತ್ತಿದ್ದ ವರ್ಷಗಳಲ್ಲೇ ಅಲ್ಲಿ ಹೈದರನ ದಂಡೂ ಅದೇ ಬ್ರಿಟಿಷರೊಡನೆ ಹೋರಾಡುತ್ತಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಅವನ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಆ ಪುಟ್ಟ "ಹೈದರ್ ಅಲಿ", ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, ತನಗಿಂತ ಹೆಚ್ಚು ತೋಪುಗಳಿದ್ದ ಬ್ರಿಟಿಷ್ ನೌಕೆ "ಜನರಲ್ ಮಂಕ್" ಅನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಈ ಬರಿಗಾಲಿನ ದಂಡಿಗೂ ಫ್ರೆಂಚರಿಗೂ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ಸೇ 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡವನು. ಇದನ್ನು ಕೇಳಿದ ಮಗ ಊರಿಗೆ ಹೋದಾಗ ಶ್ರೀರಂಗಪಟ್ಟಣವನ್ನು ತೋರಿಸಲೇಬೇಕೆಂದು ಹಟ ಹಿಡಿದಿದ್ದಾನೆ.

ಗೆದ್ದ ಮೇಲೆ ಸಿಪಾಯಿಗಳ ಕೈಗೆ ಸಂಬಳದ ಬದಲು ಸಾಲಪತ್ರ ಕೊಟ್ಟು ಮನೆಗೆ ಕಳಿಸಿದರು. ಹಸಿವು ತಾಳದ ಎಷ್ಟೋ ಮಂದಿ ಅದನ್ನು ದಲ್ಲಾಳಿಗಳಿಗೆ ಸಿಕ್ಕಷ್ಟು ಬೆಲೆಗೆ ಮಾರಿಕೊಂಡರು. ಬಡ ಸಿಪಾಯಿಗಳಿಗೆ ತಿಂಗಳಿಗೆ 8 ಡಾಲರ್ ಪಿಂಚಣಿ ಬಂದದ್ದು 1818ರಲ್ಲಿ, ಅದೂ ಬಡತನವನ್ನು ಸಾಬೀತುಪಡಿಸಿದವರಿಗೆ. ತೊಗಟೆ ಜಗಿದ ಆ ಮಾರ್ಟಿನ್ 1820ರಲ್ಲಿ ತನ್ನ ಆಸ್ತಿಯೆಂದು ಬರೆಸಿದ್ದು ಎರಡು ಹಸು, ಆರು ಕುರಿ, ಒಂದು ಹಂದಿ.

ಜಾಕಿ ಹಾಲೋಗೆ ಬೇಸಿಗೆಯಲ್ಲಿ ಹೋಗಬೇಡಿ. ಆಗ ಅದು ತಂಪಾದ ಪಿಕ್‌ನಿಕ್ ಜಾಗದಂತೆ ಕಾಣುತ್ತದೆ. ಜನವರಿಯಲ್ಲಿ, ಮಕ್ಕಳಿಗೆ ಒಳ್ಳೆಯ ಬೂಟು ಹಾಕಿಸಿಕೊಂಡು ಹೋಗಿ. ಪ್ರಶ್ನೆ ಕೇಳಿದ ಸಹೋದರಿಯವರು ಬರುವುದಾದರೆ ತಿಳಿಸಲಿ, ನಾವೂ ಜೊತೆಗೆ ಬರುತ್ತೇವೆ.