40 ದಿನ ಮೊಬೈಲ್ ಉಪವಾಸ: ನಮ್ಮ ಮನೆಯ ಗುಂಪಿನಲ್ಲಿ ಆದ ಚರ್ಚೆ

ಈಸ್ಟರ್‌ಗೆ ಮುಂಚಿನ ಉಪವಾಸಕಾಲವಾದ ಲೆಂಟ್ ಶುರುವಾಗುವುದು ಬೂದಿ ಬುಧವಾರದಂದು. ಅದಕ್ಕೆ ಮೊದಲಿನ ಭಾನುವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಎಲ್ಲರ ಒಪ್ಪಿಗೆ ಪಡೆದೇ ಹಾಕುತ್ತಿದ್ದೇನೆ. ಹೆಸರುಗಳನ್ನು ತೆಗೆದು, ನಾನು ಅವರನ್ನು ಕರೆಯುವ ಹಾಗೆ ಇಟ್ಟಿದ್ದೇನೆ. ಬೆಂಗಳೂರು ಅಣ್ಣ ದೊಡ್ಡಪ್ಪನ ಮಗ. ಡಬ್ಲಿನ್ ತಂಗಿ ಚಿಕ್ಕಪ್ಪನ ಮಗಳು, ಅಲ್ಲಿ ನರ್ಸ್. ಚಿಕ್ಕಪ್ಪ ಚರ್ಚಿನ ಸಭಾಪಾಲಕರು. ಅಜ್ಜಿ ಉಡುಪಿಯಲ್ಲಿ ಅತ್ತೆಯ ಜೊತೆ ಇದ್ದಾರೆ.

ದೊಡ್ಡಪ್ಪ, ಸಂಜೆ 5:10
[ಫಾರ್ವರ್ಡ್ ಆದ ಚಿತ್ರ: ಈ ಲೆಂಟ್‌ನಲ್ಲಿ ಮೊಬೈಲ್ ಉಪವಾಸ. 40 ದಿನ ಮೊಬೈಲ್ ಬದಿಗಿಡಿ, ದೇವರ ಕಡೆ ತಿರುಗಿ.]

ದೊಡ್ಡಪ್ಪ, 5:14
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಇದನ್ನು ಸುಮ್ನೆ ಕಳಿಸಿದ್ದಲ್ಲ. ಬುಧವಾರದಿಂದ ಈಸ್ಟರ್‌ವರೆಗೆ ಈ ಗುಂಪನ್ನು ಮುಚ್ಚಬೇಕು ಅಂತ ನನ್ನ ಮನಸ್ಸಿನಲ್ಲಿದೆ. ಅಡ್ಮಿನ್ ನಾನೇ. ಆದರೂ ನಿಮ್ಮನ್ನು ಕೇಳದೆ ಮಾಡುವುದಿಲ್ಲ.

ಡಬ್ಲಿನ್ ತಂಗಿ, 5:21
ದೊಡ್ಡಪ್ಪ, 40 ದಿನ ಅನ್ನುವುದು ಭಾನುವಾರಗಳನ್ನು ಬಿಟ್ಟು. ಎಲ್ಲ ಸೇರಿಸಿದರೆ 46. ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸ ಇಲ್ಲ. ಭಾನುವಾರವಾದರೂ ಗುಂಪು ತೆರೆದಿಡಿ.

ದೊಡ್ಡಪ್ಪ, 5:33
ನಿನ್ನ ಲೆಕ್ಕ ಸರಿ ಮಗಳೇ. ಆದರೆ ನನ್ನ ಸಂಕಟ ಬೇರೆ. ಕ್ರಿಸ್ಮಸ್‌ಗೆ ಎಲ್ಲರೂ ಉಡುಪಿಯಲ್ಲಿ ಸೇರಿದ್ದೆವು. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಾನು 103ನೇ ಕೀರ್ತನೆ ಓದುತ್ತಿದ್ದೆ. ಒಂದರ ಹಿಂದೆ ಒಂದು ಫೋನು ಬೆಳಗಿದವು. ಯಾರದ್ದೋ ಫೋನಿನಿಂದ ರೀಲ್ಸ್ ಹಾಡು ಜೋರಾಗಿ ಬಂತು. ಅಮ್ಮ ಕಣ್ಣು ಬಿಟ್ಟು ಸುತ್ತ ನೋಡಿ ಮತ್ತೆ ಮುಚ್ಚಿಕೊಂಡರು. ಯಾರೂ ಏನೂ ಹೇಳಲಿಲ್ಲ. ನನಗೆ ಅವತ್ತಿನಿಂದ ಸಮಾಧಾನ ಇಲ್ಲ.
ಬೆಳಿಗ್ಗೆ ಇಲ್ಲಿ ಬೈಬಲ್ ವಾಕ್ಯದ ಚಿತ್ರ ಬರುತ್ತದೆ. ಬಂದ ಕೂಡಲೇ ಸಾಲಾಗಿ ಆಮೆನ್, ಕೈ ಮುಗಿದ ಗುರುತು. ಮಧ್ಯಾಹ್ನ ಕೇಳಿದರೆ ಯಾವ ವಾಕ್ಯ ಬಂದಿತ್ತು ಅಂತ ಒಬ್ಬರಿಗೂ ನೆನಪಿರುವುದಿಲ್ಲ. ಸತ್ಯವೇದ ಕಪಾಟಿನಲ್ಲೇ ಇರುತ್ತದೆ.

ಉಡುಪಿ ಅತ್ತೆ, 5:36
ಅಣ್ಣ, ಆ ಚಿತ್ರ ಕಳಿಸುವವಳು ನಾನು. ನನಗೇ ಹೇಳಬಹುದಿತ್ತಲ್ಲ.

ದೊಡ್ಡಪ್ಪ, 5:44
ನಿನಗೆ ಅಂದದ್ದಲ್ಲ ಮಾರಾಯ್ತಿ. ಇವತ್ತಿನದ್ದೇ ನೋಡು, ಯೆರೆಮೀಯ 29:11. ನಮ್ಮವರ ಎಷ್ಟೋ ಮನೆಗಳ ಗೋಡೆಯ ಮೇಲೂ ಇದೆ. ನಿಮಗೆ ಒಳ್ಳೆಯ ಮುಂಗತಿ ಕೊಡುತ್ತೇನೆ ಅಂತ ದೇವರು ಹೇಳಿದ ಮಾತು. ಹೇಳಿದ್ದು ಯಾರಿಗೆ? ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಯಾಗಿ ಹೋದವರಿಗೆ, ಯೆರೆಮೀಯ ಬರೆದ ಪತ್ರದಲ್ಲಿ. ಅದರ ಹಿಂದಿನ ವಚನದಲ್ಲೇ 70 ವರ್ಷ ಕಳೆದ ಮೇಲೆ ಅಂತಿದೆ. ಆ ಪತ್ರ ಕೇಳಿಸಿಕೊಂಡ ದೊಡ್ಡವರು ಹೆಚ್ಚಿನವರೂ ಊರು ನೋಡದೆ ಅಲ್ಲೇ ಕಣ್ಣು ಮುಚ್ಚುವವರು. ಆ ಭಾರ ಚಿತ್ರದಲ್ಲಿ ಎಲ್ಲಿದೆ? ಸೂರ್ಯೋದಯ, ಎರಡು ಗುಲಾಬಿ, ಒಂದು ಸಾಲು. ನಾವು ಆಮೆನ್ ಒತ್ತಿ ಮುಂದಿನ ವಿಡಿಯೋಗೆ ಹೋಗುತ್ತೇವೆ.

ಡಬ್ಲಿನ್ ತಂಗಿ, 5:58
ಅದೇ ಅಧ್ಯಾಯದ 7ನೇ ವಚನವನ್ನೂ ಹೇಳಿ ದೊಡ್ಡಪ್ಪ. ನೀವು ಹೋಗಿ ಸೇರಿದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತಿದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅಂತಲೂ ಇದೆ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅತ್ತೆ ಕಳಿಸಿದ ಚಿತ್ರ ನೋಡಿಯೇ ನಾನು ಆ ಅಧ್ಯಾಯ ಪೂರ್ತಿ ಓದಿದ್ದು. ಚಿತ್ರ ಬಾರದಿದ್ದರೆ ಪುಸ್ತಕ ತೆರೆಯುತ್ತಿರಲಿಲ್ಲ.
ಇನ್ನೊಂದು ಮಾತು. ಊರಿನಲ್ಲಿ ಭಾನುವಾರ ಎಂಟೂವರೆಯ ಆರಾಧನೆ ಅಂದರೆ ಇಲ್ಲಿ ಬೆಳಗಿನ ಜಾವ 3 ಗಂಟೆ. ರಾತ್ರಿ ಪಾಳಿ ಇದ್ದರೆ ನನ್ನ ಬ್ರೇಕ್ ಆ ಹೊತ್ತಿಗೇ ಇರುತ್ತದೆ. ಸ್ಟಾಫ್ ರೂಮಿನಲ್ಲಿ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕುತ್ತೇನೆ, ಇನ್ನೊಂದು ಕಿವಿ ಬೆಲ್ಲಿಗೆ. ಕನ್ನಡ ಕೀರ್ತನೆ ಕೇಳುವುದು ಅಷ್ಟೇ ಹೊತ್ತು. ಎಷ್ಟೋ ಸಲ ಹಾಡಿನ ಮಧ್ಯೆ ಎದ್ದು ಓಡಿದ್ದೇನೆ. ಮೊಬೈಲ್ ಮುಚ್ಚಿ ಅಂದರೆ ನನ್ನ ಸಭೆಯ ಬಾಗಿಲು ಮುಚ್ಚಿದ ಹಾಗೆ.

ದೊಡ್ಡಪ್ಪ, 6:05
ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಮಾರ್ಕ 1:35 ನೋಡು. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ಸೇರಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯ ಸೀಮೋನನು ಬಂದು ಹೇಳಿದ. ಅವರು ಹಿಂದಕ್ಕೆ ಹೋಗಲಿಲ್ಲ. ಬೇರೆ ಊರುಗಳಿಗೆ ಹೋಗೋಣ, ನಾನು ಅದಕ್ಕಾಗಿಯೇ ಬಂದದ್ದು ಅಂದರು. ಯಾಕೆ ಬಂದದ್ದು ಅಂತ ಅವರಿಗೆ ಗೊತ್ತಿತ್ತು. ಯಾರೂ ಕರೆಯದ ಜಾಗಕ್ಕೆ ಒಮ್ಮೆ ಹೋಗದೆ ನಮಗೆ ಅದು ಹೇಗೆ ಗೊತ್ತಾಗಬೇಕು?

ಬೆಂಗಳೂರು ಅಣ್ಣ, 6:31
ಅಪ್ಪ, ನಾನು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕಳೆದ ವರ್ಷ ಲೆಂಟ್‌ಗೆ ನಾನು ಇನ್‌ಸ್ಟಾಗ್ರಾಂ ತೆಗೆದುಹಾಕಿದ್ದೆ. ಆ ಹೊತ್ತಿಗೆ ಕ್ರಿಕೆಟ್ ಬಂದು ಕೂತಿತು. ಆಮೇಲೆ ಷೇರು ಬೆಲೆ. ಅವನ್ನೂ ಬಿಟ್ಟೆ. ಸುಮ್ಮನೆ ಕೂತರೆ ದೇವರ ಯೋಚನೆ ಬರುತ್ತದೆ ಅಂತ ನೀವು ಹೇಳುತ್ತೀರಿ. ನನಗೆ ಬರಲಿಲ್ಲ. ಆಫೀಸಿನದ್ದು ಬಂತು, ಇಎಂಐ ಬಂತು. ಸಭೆಯ ಮುಂದೆ ನಂಬಿಕೆ ಒಪ್ಪಿಕೊಳ್ಳುವ ದೃಢೀಕರಣದ ದಿನ ಮೊಣಕಾಲೂರಿ ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ ಇದೆ. ಅವತ್ತು ಅದನ್ನು ಮನಸ್ಸಿಟ್ಟೇ ಹೇಳಿದ್ದೆ. ಈಗ ಅದನ್ನೇ ಹೇಳಿದರೆ ಒಳಗೆ ಏನೂ ಅಲುಗಾಡುವುದಿಲ್ಲ. ಇದಕ್ಕೆ ಮೊಬೈಲ್ ಕಾರಣ ಅಂದರೆ ನಾನು ಒಪ್ಪುವುದಿಲ್ಲ.

ದೊಡ್ಡಪ್ಪ, 6:40
ಇಷ್ಟು ದಿನ ಯಾಕೆ ಹೇಳಲಿಲ್ಲ ಮಗಾ?

ಬೆಂಗಳೂರು ಅಣ್ಣ, 6:41
ಹೇಳಿದರೆ ಮೊಬೈಲ್ ಬಿಡು ಅನ್ನುತ್ತಿದ್ದಿರಿ.

ನಾನು, 7:12
ಅಣ್ಣ ಹೇಳಿದ್ದನ್ನು ದಯವಿಟ್ಟು ಎಲ್ಲರೂ ಇನ್ನೊಮ್ಮೆ ಓದಿ. ಈ ಗುಂಪಿನಲ್ಲಿ ಇಷ್ಟು ನಿಜವಾದ ಮಾತು ಬಂದು ಎಷ್ಟೋ ಕಾಲ ಆಯಿತು.
ಮತ್ತಾಯ 12ರಲ್ಲಿ ಯೇಸುಸ್ವಾಮಿ ಒಂದು ಮನೆಯ ವಿಷಯ ಹೇಳುತ್ತಾರೆ. ದೆವ್ವ ಬಿಟ್ಟುಹೋದ ಮನೆ. ಗುಡಿಸಿ, ಚೆಂದ ಮಾಡಿ ಇಟ್ಟಿದೆ. ಆದರೆ ಒಳಗೆ ಯಾರೂ ಇಲ್ಲ. ಬಿಟ್ಟುಹೋದದ್ದು ತಿರುಗಿ ಬಂದು ನೋಡುತ್ತದೆ. ತನಗಿಂತ ಕೆಟ್ಟ ಏಳನ್ನು ಕರೆತಂದು ಒಳಗೆ ಬಿಡಾರ ಹೂಡುತ್ತದೆ. ಇನ್‌ಸ್ಟಾಗ್ರಾಂ ಹೋದ ಜಾಗಕ್ಕೆ ಕ್ರಿಕೆಟ್, ಷೇರು, ಇಎಂಐ ಚಿಂತೆ ಬಂದದ್ದು ಹಾಗೇ ಅಲ್ವಾ?
ಮೊಬೈಲ್ ಇಲ್ಲದ ಕಾಲದಲ್ಲೂ ಇದೇ ಕಾಯಿಲೆ ಇತ್ತು. ಈಜಿಪ್ಟಿನ ಮರಳುಗಾಡಿನಲ್ಲಿ ಇವಾಗ್ರಿಯಸ್ ಅಂತ ಒಬ್ಬ ಸನ್ಯಾಸಿ ಇದ್ದರು. ತೀರಿಕೊಂಡದ್ದು 399ರಲ್ಲಿ. ಒಬ್ಬನೇ ಕೂತ ಸನ್ಯಾಸಿಗೆ ಮಧ್ಯಾಹ್ನದ ಹೊತ್ತು ಏನಾಗುತ್ತದೆ ಅಂತ ಅವರು ಬರೆದಿಟ್ಟಿದ್ದಾರೆ. ಸೂರ್ಯ ಕದಲುತ್ತಲೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದೆ ಅನ್ನಿಸುತ್ತದಂತೆ. ಪದೇ ಪದೇ ಕಿಟಕಿ ಕಡೆ ಕಣ್ಣು. ಹೊರಗೆ ಬಂದು ಬಿಸಿಲು ನೋಡಿ ಊಟಕ್ಕೆ ಇನ್ನೆಷ್ಟು ಹೊತ್ತು ಅಂತ ಲೆಕ್ಕ. ಯಾರಾದರೂ ಸೋದರ ಈ ಕಡೆ ಬರುತ್ತಿದ್ದಾನಾ ಅಂತ ಅತ್ತಿತ್ತ ನೋಟ. ಆಮೇಲೆ ಈ ಜಾಗವೇ ಬೇಡ, ಈ ಕೆಲಸವೇ ಬೇಡ, ಬೇರೆ ಕಡೆ ಹೋದರೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆ. ಅವನ ಸುತ್ತ ಇದ್ದದ್ದು ಮರಳು ಮಾತ್ರ. ಮನಸ್ಸು ಮಾತ್ರ ನಮ್ಮದರ ಹಾಗೇ ಓಡುತ್ತಿತ್ತು.
ಅವರಿಗಿಂತ ಹಿರಿಯ ಸನ್ಯಾಸಿ ಅಂತೋನಿ. ಅವರಿಗೂ ಒಮ್ಮೆ ಹೀಗೇ ಆಗಿ, ದೇವರೇ ನಾನೇನು ಮಾಡಲಿ ಅಂತ ಕೂಗಿದರಂತೆ. ಆಗ ತನ್ನ ಹಾಗೇ ಇದ್ದ ಒಬ್ಬ ಕಾಣಿಸಿದ. ಅವನು ಕೂತು ಹಗ್ಗ ಹೆಣೆಯುತ್ತಾನೆ. ಬಿಟ್ಟು ಎದ್ದು ಪ್ರಾರ್ಥಿಸುತ್ತಾನೆ. ಮತ್ತೆ ಕೂತು ಹೆಣೆಯುತ್ತಾನೆ. ಹೀಗೆ ಮಾಡು, ಉಳಿದುಕೊಳ್ಳುತ್ತೀ ಅಂತ ಅಂತೋನಿಗೆ ಉತ್ತರ ಸಿಕ್ಕಿತು. ಹಗ್ಗ ಹೆಣೆಯುತ್ತಿದ್ದವನು ದೇವದೂತ.
ನನ್ನ ಕಣ್ಣು ಆ ಹಗ್ಗದ ಮೇಲೇ ನಿಲ್ಲುತ್ತದೆ. ಅವನ ಕೈಗೆ ಒಂದು ಕೆಲಸ ಇತ್ತು. ನಾವು ಸಂಜೆಯಿಂದ ಏನು ಬಿಡಬೇಕು ಅಂತ ಮಾತ್ರ ಮಾತಾಡುತ್ತಿದ್ದೇವೆ. ಬಿಟ್ಟ ಹೊತ್ತನ್ನು ಯಾರ ಕೈಗೆ ಕೊಡುತ್ತೇವೆ ಅಂತ ಒಬ್ಬರೂ ಹೇಳಲಿಲ್ಲ. ಯೆಶಾಯ 58ರಲ್ಲಿ ದೇವರು ತನಗೆ ಬೇಕಾದ ಉಪವಾಸ ಯಾವುದು ಅಂತ ಹೇಳುತ್ತಾರೆ. ಹಸಿದವನಿಗೆ ನಿನ್ನ ರೊಟ್ಟಿ ಹಂಚು, ನೆಲೆಯಿಲ್ಲದವನನ್ನು ಮನೆಗೆ ಕರೆದುಕೊಂಡು ಬಾ. ನಿನ್ನ ಸ್ವಂತದವರಿಗೆ ಮುಖ ತಪ್ಪಿಸಬೇಡ ಅಂತಲೂ ಅಲ್ಲೇ ಇದೆ. ನಮ್ಮ ಸ್ವಂತದವರಲ್ಲಿ ಯಾರಿಗೆ ನಾವು ಮುಖ ತಪ್ಪಿಸುತ್ತಿದ್ದೇವೆ? ಅಲ್ಲಿಂದ ಶುರು ಮಾಡೋಣ ಅಂತ ನನ್ನ ಮಾತು.

ದೊಡ್ಡಪ್ಪ, 7:25
ಪೂರ್ತಿ ಒಪ್ಪಲಾರೆ. ಹೀಗೇ ಹೋದರೆ ಸೇವೆ ಮಾಡಿದರೆ ಸಾಕು, ಪ್ರಾರ್ಥನೆ ಬೇಡ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಯೇಸುಸ್ವಾಮಿ ಮನೆಗೆ ಬಂದಾಗ ಮಾರ್ಥಳ ಕೈ ತುಂಬ ಕೆಲಸ ಇತ್ತು. ಅವರು ಮೆಚ್ಚಿದ್ದು ಪಾದದ ಬಳಿ ಕೂತ ಅವಳ ಸೋದರಿ ಮರಿಯಳನ್ನು. ಮೊದಲು ಕೂರುವುದನ್ನು ಕಲಿಯಬೇಕು.

ಉಡುಪಿ ಅತ್ತೆ, 7:34
ಅಣ್ಣ, ನೀವು ಕ್ರಿಸ್ಮಸ್ ರಾತ್ರಿಯ ಮಾತೆತ್ತಿದ್ದಕ್ಕೆ ಹೇಳುತ್ತೇನೆ. 103ನೇ ಕೀರ್ತನೆ ಓದುವಾಗ ನಾನೂ ಅತ್ತಿಗೆಯೂ ಅಡುಗೆ ಮನೆಯಲ್ಲಿದ್ದೆವು. ಪ್ರಾರ್ಥನೆ ಮುಗಿದ ಕೂಡಲೇ ಎಲೆ ಹಾಕಬೇಕಲ್ಲ. ನಮಗೂ ಮರಿಯಳ ಹಾಗೆ ಕೂರುವ ಆಸೆ ಇದೆ. ನಮಗೆ ಅಡ್ಡ ಬಂದದ್ದು ಮೊಬೈಲ್ ಅಲ್ಲ. ಈ ಲೆಂಟ್‌ನಲ್ಲಿ ಏನಾದರೂ ಬದಲಾಗುವುದಿದ್ದರೆ ಇದು ಆಗಲಿ. ಎಲ್ಲರೂ ಕೂತ ಮೇಲೆ ಪ್ರಾರ್ಥನೆ, ಆಮೇಲೆ ಎಲ್ಲರೂ ಸೇರಿ ಬಡಿಸೋಣ.

ದೊಡ್ಡಪ್ಪ, 7:39
ಇದು ನ್ಯಾಯವಾದ ಮಾತು. ನಮ್ಮ ಮನೆಯಲ್ಲಿ ಇವತ್ತೇ ಶುರು ಮಾಡುತ್ತೇನೆ.

ಚಿಕ್ಕಪ್ಪ, 8:02
ಸಂಜೆಯ ಆರಾಧನೆ ಮುಗಿಸಿ ಈಗಷ್ಟೇ ಬಂದೆ. ಎಲ್ಲ ಓದಿದೆ. ಅಣ್ಣ, ನಿಮ್ಮ ಸಂಕಟ ನನಗೂ ಇದೆ. ಪೀಠದಿಂದ ನೋಡಿದರೆ ಫೋನಿನ ಬೆಳಕು ಯಾವ ಸಾಲಿನಲ್ಲಿದೆ ಅಂತ ಕಾಣುತ್ತದೆ. ಆದರೆ ಗುಂಪು ಮುಚ್ಚಿದರೆ ಆ ಬೆಳಕು ಆರುತ್ತದೆ ಅಂತ ನನಗನ್ನಿಸುವುದಿಲ್ಲ.
ಜರ್ಮನಿಯ ಸ್ಯಾಕ್ಸನಿಯಲ್ಲಿ ಹೆರ್ನ್‌ಹುಟ್ ಅಂತ ಒಂದು ಸಣ್ಣ ಊರು. ನಂಬಿಕೆಯ ಕಾರಣಕ್ಕೆ ಈಗಿನ ಚೆಕ್ ದೇಶದ ಮೊರಾವಿಯಾದಿಂದ ಓಡಿಬಂದವರಿಗೆ ಜಿಂಜೆನ್‌ಡಾರ್ಫ್ ಎಂಬ ಜಮೀನುದಾರರು ತಮ್ಮ ನೆಲದಲ್ಲಿ ಜಾಗ ಕೊಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅವರೊಳಗೆ ಜಗಳ, ಪಂಗಡ. 1727ರ ಆಗಸ್ಟ್ 13ರಂದು ಕರ್ತನ ಭೋಜನದಲ್ಲಿ ಸೇರಿದಾಗ ಮನಸ್ಸು ಕರಗಿ ಒಂದಾದರು. ಎರಡು ವಾರ ಕಳೆದು 24 ಗಂಡಸರು, 24 ಹೆಂಗಸರು ದಿನದ 24 ಗಂಟೆಯನ್ನು ಪ್ರಾರ್ಥನೆಗಾಗಿ ಹಂಚಿಕೊಂಡರು. ಒಬ್ಬೊಬ್ಬರಿಗೆ ಒಂದು ಗಂಟೆ. ಆ ಪಾಳಿ ನೂರು ವರ್ಷ ನಡೆಯಿತು ಅನ್ನುತ್ತಾರೆ. 1732ರಲ್ಲಿ ಅವರಲ್ಲಿ ಇಬ್ಬರು, ಒಬ್ಬ ಕುಂಬಾರ, ಒಬ್ಬ ಬಡಗಿ, ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದ ಗುಲಾಮರ ಬಳಿಗೆ ಸುವಾರ್ತೆ ಹಿಡಿದು ಹೊರಟರು. ಪ್ರಾರ್ಥನೆಯಿಂದ ಎದ್ದವರು ಕೆಲಸಕ್ಕೇ ಹೋದರು ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರೂ ಇಂಥ ಭಕ್ತಿಯ ಹಿನ್ನೆಲೆಯವರೇ.
ನಮ್ಮಲ್ಲಿ 24 ಜನ ಬೇಡ. ಇರುವವರೇ ಹೊತ್ತು ಹಂಚಿಕೊಳ್ಳೋಣ. ಮಗಳ ರಾತ್ರಿ ಪಾಳಿ ಹೇಗೂ ಇದೆ, ನಾವು ಮಲಗಿರುವಾಗ ಅವಳು ಎದ್ದಿರುತ್ತಾಳೆ.

ಡಬ್ಲಿನ್ ತಂಗಿ, 8:06
ಅಪ್ಪ, ಬ್ರೇಕ್‌ನ ಮೊದಲ ಹದಿನೈದು ನಿಮಿಷ ನನ್ನದು. ವಾರ್ಡಿನಲ್ಲಿ ಇರುವವರಿಗಾಗಿಯೂ ಪ್ರಾರ್ಥಿಸುತ್ತೇನೆ. ಅವರದ್ದೇ ಅಲ್ವಾ ಈ ಪಟ್ಟಣ.

ಬೆಂಗಳೂರು ಅಣ್ಣ, 8:15
ಚಿಕ್ಕಪ್ಪ, ನನ್ನನ್ನು ಇದಕ್ಕೆ ಸೇರಿಸಬೇಡಿ. ನನಗೆ ಈಗ ಪ್ರಾರ್ಥನೆ ಬರುವುದಿಲ್ಲ. ಬಾಯಿಮಾತಿಗೆ ಮಾಡಲು ಮನಸ್ಸು ಒಪ್ಪುವುದಿಲ್ಲ.

ಉಡುಪಿ ಅತ್ತೆ, 8:24
ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. "ನನಗೆ ಈಗ ಅಕ್ಷರ ಕಾಣುವುದಿಲ್ಲ. ಮಗಳಿಗೆ ಕೆಲಸ, ದಿನಾ ಓದು ಅಂತ ಹೇಗೆ ಹೇಳಲಿ? ಗುಂಪು ಮುಚ್ಚುವುದಾದರೆ ಮುಚ್ಚಿ. ಆದರೆ ಯಾರಾದರೂ ಫೋನ್ ಮಾಡಿ ದಿನಕ್ಕೆ ಒಂದು ಅಧ್ಯಾಯ ಓದಿ ಹೇಳಿ. ಬೆಂಗಳೂರಿನವನು ಓದಿದರೆ ಒಳ್ಳೆಯದು. ಸಂಡೇ ಸ್ಕೂಲಿನಲ್ಲಿ ಅವನೇ ಚೆನ್ನಾಗಿ ಓದುತ್ತಿದ್ದದ್ದು."

ನಾನು, 8:27
ಅಣ್ಣ, ಪ್ರಾರ್ಥನೆ ಬರದಿದ್ದರೆ ಬೇಡ. ಓದಲು ಬರುತ್ತದಲ್ಲ.

ಬೆಂಗಳೂರು ಅಣ್ಣ, 8:49
ರಾತ್ರಿ ಎಂಟೂವರೆಗೆ ಮಾಡುತ್ತೇನೆ. ಅಜ್ಜಿ ಆ ಹೊತ್ತಿಗೆ ಎದ್ದಿರುತ್ತಾರಾ? ನಂಬಿಕೆ ಗಟ್ಟಿಯಾಗಿದೆ ಅಂತ ಓದುವುದಲ್ಲ, ಅಜ್ಜಿ ಕೇಳಿದರು ಅಂತ ಓದುತ್ತೇನೆ. ಇದನ್ನು ಈಗಲೇ ಹೇಳಿಬಿಡುತ್ತೇನೆ.

ಚಿಕ್ಕಪ್ಪ, 8:51
ಅಷ್ಟು ಸಾಕು ಮಗಾ. ಮಾರ್ಕನಿಂದ ಶುರು ಮಾಡು. 16 ಅಧ್ಯಾಯ, ಬೇಗ ಮುಗಿಯುತ್ತದೆ. ಆಮೇಲೆ ಲೂಕ, 24 ಅಧ್ಯಾಯ. ಎರಡೂ ಸೇರಿದರೆ 40 ಆಗುತ್ತದೆ. ಭಾನುವಾರ ಬಿಡುವು.

ದೊಡ್ಡಪ್ಪ, 8:58
ಸರಿ. ಹಾಗಾದರೆ ಬುಧವಾರದಿಂದ ಗುಂಪಿನಲ್ಲಿ ವಾರದ ದಿನ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಡುತ್ತೇನೆ. ಭಾನುವಾರ ಎಲ್ಲರಿಗೂ ತೆರೆಯುತ್ತೇನೆ. ಅಮ್ಮನ ಆರೋಗ್ಯದ ವಿಷಯ ಇರುವುದರಿಂದ ಉಡುಪಿಯವಳನ್ನೂ ಅಡ್ಮಿನ್ ಮಾಡುತ್ತೇನೆ. ಬೆಳಗಿನ ವಾಕ್ಯ ಅವಳು ಕಳಿಸಲಿ, ಚಿತ್ರ ಬೇಡ. ಅಧ್ಯಾಯದ ಸಂಖ್ಯೆ ಮಾತ್ರ ಹಾಕಲಿ, ನಾವು ಪುಸ್ತಕ ತೆರೆದು ನೋಡೋಣ.

ಉಡುಪಿ ಅತ್ತೆ, 9:01
ಸಂಖ್ಯೆ ಹಾಕುತ್ತೇನೆ. ಭಾನುವಾರ ಚಿತ್ರವನ್ನೂ ಹಾಕುತ್ತೇನೆ ಅಣ್ಣ.

ಬೆಂಗಳೂರು ಅಣ್ಣ, 9:04
ಅತ್ತೆ, ಯಾವ ಬೈಬಲ್‌ನಿಂದ ಓದಲಿ? ನನ್ನ ಹತ್ತಿರ ಹೊಸ ಅನುವಾದ ಇದೆ.

ಉಡುಪಿ ಅತ್ತೆ, 9:06
ಹಳೆಯದ್ದೇ ಓದು. ಅಮ್ಮನಿಗೆ ಅದು ಬಹಳಷ್ಟು ಬಾಯಿಪಾಠ. ನೀನು ಎಲ್ಲಾದರೂ ತಪ್ಪಿದರೆ ಅವರೇ ಹೇಳಿಕೊಡುತ್ತಾರೆ.