2017ರಲ್ಲಿ 25 ಲಕ್ಷ, ಈಗ 50 ಲಕ್ಷ: ಆಕ್ಟೇವಿಯಾ ಆರ್‌ಎಸ್ ಕೈಗೆ ಸಿಗುತ್ತಾ?

ಮೈಸೂರು_ಮ್ಯಾನುಯಲ್:
ಎಲ್ಲರಿಗೂ ನಮಸ್ಕಾರ. ಆನ್‌ರೋಡ್ 22 ಲಕ್ಷದವರೆಗೆ ಹೊಂದಿಸಬಲ್ಲೆ. ಓಡಿಸೋಕೆ ಮಜಾ ಇರುವ ಸೆಡಾನ್ ಬೇಕು, ಎಸ್‌ಯುವಿ ಬೇಡವೇ ಬೇಡ. ಒಂದು ಕಡೆ ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5. ಇನ್ನೊಂದು ಕಡೆ ಬೆಂಗಳೂರಿನಲ್ಲಿ ನೋಡಿಟ್ಟ 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230. ಓನರ್ ಹೇಳುತ್ತಿರುವ ರೇಟು ನನ್ನ ಬಜೆಟ್‌ಗೆ ಹತ್ತಿರವೇ ಇದೆ. ಸಂಪಾಜೆ ಘಾಟ್ ಇಳಿದು ಪುತ್ತೂರಿಗೆ ಆಗಾಗ ಹೋಗುತ್ತಿರುತ್ತೇನೆ, ಹಿಂದಿನ ಸೀಟಲ್ಲಿ ಅಪ್ಪ ಅಮ್ಮ ಇರುತ್ತಾರೆ.

ಇನ್ನೊಂದು ವಿಷಯ. ಆರ್‌ಎಸ್ 230 ಬಂದಾಗ ಎಕ್ಸ್ ಶೋರೂಂ 24.62 ಲಕ್ಷ. 2025ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಸ್‌ಗೆ 49.99 ಲಕ್ಷ! ಎಂಟು ವರ್ಷದಲ್ಲಿ ಡಬಲ್. ಇದು ಸುಮ್ನೆ ದುರಾಸೆ ಅಲ್ವಾ?

ಟರ್ಬೊ_ತಮ್ಮಯ್ಯ:
ಕಣ್ಣು ಮುಚ್ಚಿ ಆರ್‌ಎಸ್ ತಗೊಳ್ಳಿ. ಅದರ 230 ಪಿಎಸ್ (ಇಂಜಿನ್ ಶಕ್ತಿಯ ಅಳತೆ) ಎಲ್ಲಿ, ವರ್ಟಸ್‌ನ 150 ಪಿಎಸ್ ಎಲ್ಲಿ. ಮುಂದೆ ಈ ರೇಟಿಗೆ ಅಂಥ ಗಾಡಿ ಸಿಗಲ್ಲ.

ಹಾಸನ_ಗ್ಯಾರೇಜ್:
ಕಣ್ಣು ಮುಚ್ಚಿ ಮಾತ್ರ ತಗೋಬೇಡಿ ಸಾರ್. ಹಾಸನದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಇಂಥ ಗಾಡಿಗಳು ಹೇಗೆ ಬರುತ್ತವೆ, ಹೇಗೆ ಹೋಗುತ್ತವೆ ಅಂತ ನೋಡಿ ಗೊತ್ತು.

ಮೊದಲು ಬೆಲೆಯ ವಿಷಯ. 230 ಬಂದಾಗ ಭಾಗಗಳನ್ನು ತರಿಸಿ ಔರಂಗಾಬಾದ್‌ನಲ್ಲಿ ಜೋಡಿಸುತ್ತಿದ್ದರು. 2020ರ ಆರ್‌ಎಸ್ 245 ಪೂರ್ತಿ ಗಾಡಿಯಾಗಿಯೇ ಹಡಗು ಹತ್ತಿ ಬಂತು. ಬೆಲೆ ಒಂದೇ ಏಟಿಗೆ 35.99 ಲಕ್ಷಕ್ಕೆ ಹೋಯಿತು. ಈಗಿನದೂ ಹಾಗೇ ಬಂದದ್ದು, 265 ಪಿಎಸ್, ನಮ್ಮ ದೇಶಕ್ಕೆ ಬರೀ 100 ಗಾಡಿ. ಪೂರ್ತಿ ಗಾಡಿ ತಂದರೆ ಸುಂಕ ಶೇ 70. ಗಾಡಿಯ ಬೆಲೆ 40 ಸಾವಿರ ಡಾಲರ್ ದಾಟಿದರೆ ಶೇ 110. ಅದರ ಮೇಲೆ ಜಿಎಸ್‌ಟಿ ಶೇ 40. ಇಷ್ಟೆಲ್ಲ ಸೇರಿದ ಬೆಲೆಗೆ ನಮ್ಮ ರಾಜ್ಯ ಶೇ 18 ರೋಡ್ ಟ್ಯಾಕ್ಸ್ ಹಾಕುತ್ತದೆ, ಆ ಟ್ಯಾಕ್ಸ್ ಮೇಲೆ ಸೆಸ್ ಬೇರೆ. 50 ಲಕ್ಷದ ಆರ್‌ಎಸ್‌ಗೆ ಆರ್‌ಟಿಒದಲ್ಲೇ 10 ಲಕ್ಷದ ಹತ್ತಿರ ಕಟ್ಟಬೇಕು. ಆ ದುಡ್ಡಿಗೆ ಹೊಸ ಸ್ವಿಫ್ಟ್ ಒಂದು ಬರುತ್ತೆ! ಟ್ಯಾಕ್ಸ್ ಮೇಲೆ ಟ್ಯಾಕ್ಸ್, ಅದರ ಮೇಲೆ ಇನ್ನೊಂದು. ಕಂಪನಿಯವರು ಸಾಧುಗಳು ಅಂತ ನಾನು ಹೇಳುತ್ತಿಲ್ಲ.

ವರ್ಟಸ್ ಲೆಕ್ಕವೇ ಬೇರೆ. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುತ್ತದೆ, ಬಹುಪಾಲು ಭಾಗ ಇಲ್ಲಿಯದ್ದೇ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 45 ಇದ್ದದ್ದು 40ಕ್ಕೆ ಇಳಿಯಿತು.

ಇನ್ನು ಆ ಹಳೆಯ ಆರ್‌ಎಸ್. ಇಂಜಿನ್ ಗಟ್ಟಿ. ಆದರೆ ವಾಟರ್ ಪಂಪ್, ಥರ್ಮೋಸ್ಟಾಟ್ ಜಾಗದಲ್ಲಿ ಕೂಲಂಟ್ ಸೋರುವುದು ಈ ಇಂಜಿನ್‌ನ ಹಳೇ ಕಾಯಿಲೆ. ಗೇರ್‌ಬಾಕ್ಸ್ ವೆಟ್ ಕ್ಲಚ್ಚಿನ ಡಿಎಸ್‌ಜಿ, ಅಂದರೆ ಎಣ್ಣೆಯಲ್ಲಿ ಮುಳುಗಿರುವ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. ಪ್ರತಿ 60,000 ಕಿಲೋಮೀಟರಿಗೆ ಅದರ ಎಣ್ಣೆ ಬದಲಿಸಿರಬೇಕು. ಬಿಲ್ ಕೇಳಿ. 'ಹಾಕಿಸಿದೀನಿ ಸಾರ್' ಅಂತ ಬಾಯಲ್ಲಿ ಹೇಳಿದರೆ ನಂಬಬೇಡಿ. ರೀಮ್ಯಾಪ್ ಮಾಡಿಸಿ (ಶಕ್ತಿ ಹೆಚ್ಚಿಸೋಕೆ ಇಂಜಿನ್ ಸಾಫ್ಟ್‌ವೇರ್ ಬದಲಿಸಿ), ಮಾರುವ ಮುಂಚೆ ಮತ್ತೆ ಕಂಪನಿ ಸೆಟ್ಟಿಂಗ್‌ಗೆ ತಂದ ಗಾಡಿಗಳೂ ಇವೆ. ಸ್ಕ್ಯಾನರ್ ಹಾಕಿಸದೆ ಅಡ್ವಾನ್ಸ್ ಕೊಡಬೇಡಿ. ಅಪ್ಪ ಅಮ್ಮನ್ನ ಕೂರಿಸಿಕೊಂಡು ಪುತ್ತೂರಿಗೆ ಹೋಗುವವರು ನೀವು. ನನ್ನ ಓಟು ವರ್ಟಸ್ 1.5 ಮ್ಯಾನುಯಲ್‌ಗೆ.

ಕುಡ್ಲ_ಹ್ಯಾಚ್‌ಬ್ಯಾಕ್:
ಅಣ್ಣಾ, ಟ್ಯಾಕ್ಸ್ ಮೇಲೆ ಎಲ್ಲ ಹಾಕಿ ಕಂಪನಿಯನ್ನು ಬಿಟ್ಟುಬಿಟ್ರಲ್ಲ. ಸ್ಕೋಡಾದ ಸೋದರ ಕಂಪನಿ ಫೋಕ್ಸ್‌ವ್ಯಾಗನ್‌ನ 53 ಲಕ್ಷದ ಗಾಲ್ಫ್ ಜಿಟಿಐ ಮೊದಲ 150 ಗಾಡಿ ಖಾಲಿ. 100 ಆರ್‌ಎಸ್ ಕೂಡ ಖಾಲಿ. ಕೊಳ್ಳುವವರು ಇದ್ದಾರೆ ಅಂತಾಯ್ತು. ಮತ್ತೆ ಇಲ್ಲೇ ಜೋಡಿಸೋಕೆ ಏನು ಕಷ್ಟ? ವರ್ಷಕ್ಕೆ 2,500 ಗಾಡಿಗಳವರೆಗೆ ಇಲ್ಲಿ ಮತ್ತೆ ಸರ್ಕಾರಿ ಟೆಸ್ಟ್ ಮಾಡಿಸದೆ ತರಬಹುದು ಅಂತ ನಿಯಮ ಇದೆ. ಅದು ಇವರಿಗೆ ಸುಲಭದ ದಾರಿಯಾಗಿದೆ ಅಷ್ಟೇ. ನೂರು ಗಾಡಿ ತಂದು, 'ಸೋಲ್ಡ್ ಔಟ್' ಅಂತ ಪೋಸ್ಟರ್ ಹಾಕೋದು.

ಹಾಸನ_ಗ್ಯಾರೇಜ್:
ಪೋಸ್ಟರ್ ವಿಷಯ ಒಪ್ಪಿದೆ. ಆದರೆ ಇಡೀ ದೇಶಕ್ಕೆ ನೂರು ಗಾಡಿ ಖಾಲಿ ಆಯಿತು ಅಂದರೆ ಇಲ್ಲಿ ಜೋಡಣೆಯ ಲೈನ್ ಹಾಕುವಷ್ಟು ಗಿರಾಕಿ ಇದ್ದಾರೆ ಅಂತ ಅರ್ಥ ಅಲ್ಲ ತಮ್ಮಾ. ಕಡಿಮೆ ರೇಟಿಗೆ ಕೊಟ್ಟಾಗ ನಾವು ಏನು ಮಾಡಿದೆವು? 2015ರಲ್ಲಿ ಫಿಯಟ್‌ನ ಅಬಾರ್ತ್ ಪುಂಟೊ ಬಂತು, 145 ಪಿಎಸ್, 9.95 ಲಕ್ಷ. ಅದೂ 1.4 ಲೀಟರ್ ಇಂಜಿನ್ ಅಂತ ಚಿಕ್ಕ ಕಾರಿನ ತೆರಿಗೆ ರಿಯಾಯಿತಿ ಸಿಗದೆ. 2018ರಲ್ಲಿ ಟಾಟಾ ಟಿಯಾಗೊ ಜೆಟಿಪಿ, ಕೊಯಮತ್ತೂರಿನ ಜಯೆಮ್ ಕಂಪನಿ ಜೊತೆ ಸೇರಿ ಮಾಡಿದ್ದು, 114 ಪಿಎಸ್, 6.39 ಲಕ್ಷ. ಎಷ್ಟು ಜನ ಕೊಂಡರು? ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ ಎರಡೂ ಇಲ್ಲ. ಇಂಟರ್ನೆಟ್‌ನಲ್ಲಿ ಹೊಗಳಿದವರೆಲ್ಲ ಶೋರೂಂಗೆ ಹೋಗಿ 'ಸನ್‌ರೂಫ್ ಇದೆಯಾ' ಅಂತ ಕೇಳಿದರು. ನನ್ನ ಭಾಮೈದನೂ ಅವರಲ್ಲೊಬ್ಬ, ಅದರ ಮಾತು ಬೇಡ.

ಟರ್ಬೊ_ತಮ್ಮಯ್ಯ:
ಏನೇ ಹೇಳಿ, ಎಕ್ಸ್‌ಪ್ರೆಸ್‌ವೇಯಲ್ಲಿ ಆರ್‌ಎಸ್ ಹೋಗುವ ಥರ ವರ್ಟಸ್ ಹೋಗಲ್ಲ.

ಹಾಸನ_ಗ್ಯಾರೇಜ್:
ಹೋಗಿ ಏನು ಮಾಡ್ತೀರಾ? ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮಿತಿ 100, ಉದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್. 150 ಪಿಎಸ್ ಆ ಮಿತಿ ಮುಟ್ಟೋಕೆ ಬೇಕಾದಷ್ಟು ಆಯಿತು. ಸಂಪಾಜೆಯಲ್ಲಿ ಬೇಕಾಗುವುದು ಕೆಳಗಿನ ಆರ್‌ಪಿಎಂನಲ್ಲಿ ಎಳೆತ. ವರ್ಟಸ್‌ನಲ್ಲಿ ಆ ಎಳೆತ (ಟಾರ್ಕ್) 250 ಎನ್‌ಎಂ ಇದೆ, ಎರಡನೇ ಗೇರಿನಲ್ಲಿ ತಿರುವು ಮುಗಿಸಿ ಮೂರಕ್ಕೆ ಹಾಕಿದರೆ ಸಲೀಸಾಗಿ ಎಳೆಯುತ್ತದೆ. ಹಂಪ್‌ಗಳಿಗೂ ಆ ಗಾಡಿಯೇ ವಾಸಿ.

ಮೈಸೂರು_ಮ್ಯಾನುಯಲ್:
ತುಂಬಾ ಥ್ಯಾಂಕ್ಸ್ ಅಣ್ಣಾ. ಆರ್‌ಎಸ್ ಓನರ್‌ಗೆ ಗೇರ್‌ಬಾಕ್ಸ್ ಎಣ್ಣೆಯ ಬಿಲ್ ಕೇಳಿದೆ. 'ನೋಡಿ ಹೇಳ್ತೀನಿ' ಅಂದವರು ಮತ್ತೆ ಫೋನ್ ಎತ್ತುತ್ತಿಲ್ಲ. ಹ್ಯುಂಡೈ ವರ್ನಾ ಟರ್ಬೊ ಮ್ಯಾನುಯಲ್ ಕೂಡ ನೋಡೋಣ ಅಂತಿದ್ದೇನೆ, ಅದರಲ್ಲಿ 160 ಪಿಎಸ್. ಆದರೆ ಇಲ್ಲಿ ಎರಡೂ ಶೋರೂಂನಲ್ಲಿ ಟೆಸ್ಟ್ ಡ್ರೈವ್‌ಗೆ ಆಟೊಮ್ಯಾಟಿಕ್ ಮಾತ್ರ ಇದೆಯಂತೆ. ಮೈಸೂರು, ಮಂಡ್ಯ ಕಡೆ ಯಾರ ಹತ್ರವಾದರೂ 1.5 ಮ್ಯಾನುಯಲ್ ವರ್ಟಸ್ ಇದ್ದರೆ ಒಂದು ರೌಂಡ್ ಕೊಡ್ತೀರಾ? ಪೆಟ್ರೋಲ್, ತಿಂಡಿ ಎರಡೂ ನಂದೇ.