ಸಹಾಯ ಬೇಕು: ಪಾಸಾದ ಪಾಠವನ್ನು ಮತ್ತೆ ತೆರೆದರೆ ‘ಇನ್‌ಕಂಪ್ಲೀಟ್’ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ವಿದ್ಯಾರ್ಥಿಗಳಿಗಾಗಿ ಆನ್‌ಲೈನ್ ಪಾಠ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ ಒಂದು ಸ್ಕಾರ್ಮ್ 1.2 ಪಾಠ ಹಾಕಿದ್ದೇನೆ (ಸ್ಕಾರ್ಮ್ ಅಂದರೆ ಪಾಠದ ಪ್ಯಾಕೇಜ್ ತನ್ನ ಸ್ಟೇಟಸ್, ಅಂಕಗಳನ್ನು ಮೂಡಲ್‌ನಂಥ ತಂತ್ರಾಂಶಕ್ಕೆ ತಿಳಿಸುವ ಮಾನದಂಡ). ಕೊನೆಗೊಂದು ಕ್ವಿಜ್ ಇದೆ. ಒಬ್ಬ ಹುಡುಗಿ 85 ತೆಗೆದು ಪಾಸಾದಳು. ಮರುದಿನ ಡೋಸ್ ಲೆಕ್ಕದ ಸ್ಲೈಡ್ ಇನ್ನೊಮ್ಮೆ ನೋಡೋಣ ಅಂತ ತೆರೆದು, ಎರಡೇ ನಿಮಿಷಕ್ಕೆ ಮುಚ್ಚಿದ್ದಾಳೆ. ಈಗ ರಿಪೋರ್ಟ್‌ನಲ್ಲಿ ಅದೇ ಮೊದಲ ಅಟೆಂಪ್ಟ್‌ನ ಲೆಸನ್ ಸ್ಟೇಟಸ್ ‘ಪಾಸ್ಡ್’ ಹೋಗಿ ‘ಇನ್‌ಕಂಪ್ಲೀಟ್’ ಆಗಿದೆ. ಅಂಕ ಮಾತ್ರ 85 ಹಾಗೇ ಇದೆ. ಇನ್ನೊಮ್ಮೆ ಓದಲು ಬಂದವಳಿಗೇ ಹೀಗಾದರೆ ಬೇಜಾರಾಗುತ್ತದೆ ಅಲ್ವಾ?

ಬ್ರೌಸರ್ ಬದಲಿಸಿ ನೋಡಿದೆ. ಪಾಪ್‌ಅಪ್ ಬಿಟ್ಟು ಅದೇ ವಿಂಡೋದಲ್ಲಿ ತೆರೆಯುವ ಹಾಗೂ ಮಾಡಿದೆ. ಏನೂ ಬದಲಾಗಲಿಲ್ಲ. 1.2ರಲ್ಲಿ ಪಾಠ ಮುಗಿಸಿದ್ದಕ್ಕೂ ಪಾಸಾದದ್ದಕ್ಕೂ ಇರುವುದು ಒಂದೇ ಸ್ಟೇಟಸ್. ಅದರ ನಂತರದ ಆವೃತ್ತಿ ಸ್ಕಾರ್ಮ್ 2004ರಲ್ಲಿ ಎರಡೂ ಬೇರೆ ಬೇರೆ. ಹಾಗಾಗಿ ಪಾಠ ಮತ್ತೆ ತೆರೆದಾಗ ನನ್ನ ಪ್ಯಾಕೇಜೇ ಹಳೆಯದರ ಮೇಲೆ ಬರೆಯುತ್ತಿದೆ ಅನಿಸುತ್ತದೆ.

‘ಫೋರ್ಸ್ ನ್ಯೂ ಅಟೆಂಪ್ಟ್’ ಸೆಟ್ಟಿಂಗನ್ನು, ಹಿಂದಿನದು ಮುಗಿದಿದ್ದರೆ ಹೊಸದು ಶುರುವಾಗುವ ಹಾಗೆ ಇಟ್ಟು, ಗ್ರೇಡಿಂಗನ್ನು ‘ಹೈಯೆಸ್ಟ್ ಅಟೆಂಪ್ಟ್’ ಮಾಡಿದರೆ ಮೊದಲ ಪಾಸ್ ಉಳಿಯುತ್ತದಾ? ಅಥವಾ ಪ್ಯಾಕೇಜನ್ನೇ ತಿದ್ದಿ ಮತ್ತೆ ಪಬ್ಲಿಷ್ ಮಾಡಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.